ಬಾವಿಕಡೆ ಆಯಿ ಜೋಡಿಸಿದ ದಿನಗಳು

ಸಹನಾ, ಓಂಕಾರ,

ಕಳೆದ ಭಾನುವಾರ ನಿಮ್ಮ ಅಮ್ಮ ಹೊರಗೇ ಮರೆತಿಟ್ಟ ಇಡ್ಲಿ ಹಿಟ್ಟು ಉಕ್ಕಿ ಅಡುಗೆ ಕಟ್ಟೆಯ ಮೇಲೆಲ್ಲ ಹರಿದಿತ್ತಲ್ಲ, ನೀವಿಬ್ಬರೂ ಮೂಗು ಹಿಡಿದುಕೊಂಡು ಓಡಿದಿರಿ. ನಾನು ಒರೆಸುವ ಬಟ್ಟೆ ಹಿಡಿದವಳು ಅಲ್ಲೇ ನಿಂತುಬಿಟ್ಟೆ. ಸೆಕೆಗೆ ಹುಳಿಯೇರಿದ ಆ ವಾಸನೆ ಥೇಟ್ ಸಿಂದಿಯ ವಾಸನೆ. ಈಚಲು ಮರದಿಂದ ಇಳಿಸುವ ಹೆಂಡಕ್ಕೆ ನಮ್ಮ ಕಡೆ ಸಿಂದಿ ಅನ್ನುತ್ತಾರೆ. ವಾಸನೆಯ ಹಿಂದೆಯೇ ಒಂದು ಕೈ ಕಣ್ಣಿಗೆ ಬಂತು. ಹಚ್ಚೆ ಹಾಕಿಸಿಕೊಂಡ, ನರ ಉಬ್ಬಿದ, ಸ್ಟೀಲಿನ ಡಬ್ಬಿ ಹಿಡಿದ ಕೈ... ಬಾವಿಕಡೆ ಆಯಿಯ ಕೈ.

ನನಗೆ ಮಾತು ಕಡಿಮೆ ಅಂತ ನಿಮಗೆ ಗೊತ್ತು. ಮನೆಗೆ ಯಾರಾದರೂ ಬಂದರೆ ಚಹಾದ ನೆವ ಮಾಡಿ ಒಳಗೆ ಹೋಗಿ ಅಲ್ಲೇ ಉಳಿಯುವವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತ ಅಕ್ಷರಗಳು ಇವು. ನಿಮಗೆ ಕನ್ನಡ ಓದಲು ಹೊತ್ತು ಹಿಡಿಯುತ್ತದೆ. ಹಿಡಿಯಲಿ, ಅವಸರವಿಲ್ಲ.

ನಾವು ಆಗ ಹಿಮಾಯತ್‌ನಗರದ ದೊಡ್ಡ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಒಂದು ಹಳೆಯ ವಠಾರದಲ್ಲಿದ್ದೆವು. ನಿಮ್ಮ ಅಜ್ಜ ಬೇಗಂ ಬಜಾರಿನ ಬೇಳೆಕಾಳಿನ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮುಂದಿನ ಎರಡು ಕೋಣೆ ನಮ್ಮವು. ನಡುವೆ ಬೀದರ ಕಡೆಯ ಟೇಲರನ ಸಂಸಾರ. ಹಿಂದೆ, ಬತ್ತಿದ ಬಾವಿಯ ಪಕ್ಕದ ತಗಡಿನ ಕೋಣೆಯಲ್ಲಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರು. ಆ ಮನೆಯ ಮುದುಕಿಯೇ ಬಾವಿಕಡೆ ಆಯಿ. ಆಯಿ ಅಂದರೆ ಅಜ್ಜಿ. ಆಕೆಗೆ ಹೆಸರೂ ಇತ್ತು, ಆದರೆ ವಠಾರದಲ್ಲಿ ಯಾರೂ ಅದನ್ನು ಬಳಸಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ.

ಊರಿನ ಆ ತುದಿಯಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಆಯಿಯ ಮಗ ಅಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ, ಸ್ಲ್ಯಾಬಿಗೆ ಹಲಗೆ ಕಟ್ಟುವ ಕೆಲಸ. ಸೊಸೆ ಅಲ್ಲೇ ಉಸುಕು ಹೊರುತ್ತಿದ್ದಳು. ಕಟ್ಟಡ ಮುಗಿದ ಮೇಲೆ ಅದೇ ಕಟ್ಟಡದ ಒಳಗೆ ನೀಲಿ ಸೀರೆ ಉಟ್ಟು ನೆಲ ಒರೆಸಲು ಹೋದಳು. ನಸುಕಿನಲ್ಲಿ ಗಲ್ಲಿಯ ಮೂಲೆಗೆ ಲಾರಿ ಬಂದು ಇಬ್ಬರನ್ನೂ ಒಯ್ಯುತ್ತಿತ್ತು. ಮನೆಯಲ್ಲಿ ಉಳಿಯುತ್ತಿದ್ದವರು ಆಯಿ ಮತ್ತು ಮೊಮ್ಮಗಳು ನಿಂಗಿ.

ನಿಂಗಿ ಶಾಲೆಗೆ ಹೋಗುವ ವಯಸ್ಸಿಗೂ ಅಂಗನವಾಡಿಯ ಮಗುವಿನಷ್ಟೇ ಇದ್ದಳು. ಸಣ್ಣ ಕಣ್ಣು, ತೆಳ್ಳನೆಯ ಮೇಲ್ದುಟಿ. ಯಾರನ್ನು ಕಂಡರೂ ನಗುತ್ತಿದ್ದಳು, ಕುಳಿತವರ ತೊಡೆ ಏರುತ್ತಿದ್ದಳು. ಒಂದು ಚೊಂಬು ನೀರು ತಾ ಎಂದರೆ ಹೊರಟು ನಡುವಂಗಳದಲ್ಲಿ ನಿಂತುಬಿಡುತ್ತಿದ್ದಳು, ಯಾಕೆ ಬಂದೆನೆಂಬುದೇ ಹೋಗಿಬಿಡುತ್ತಿತ್ತು. ಇವತ್ತು ಹತ್ತರವರೆಗೆ ಎಣಿಸಿದವಳು ನಾಳೆ ಮೂರಕ್ಕೇ ತಡವರಿಸುತ್ತಿದ್ದಳು. ಗಲ್ಲಿಯಲ್ಲಿ ಮದುವೆಯ ಬ್ಯಾಂಡು ಬಂದರೆ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದಳು. ಯಾರಾದರೂ ಕೇಳಿದರೆ ಕಾಲಲ್ಲಿನ ಚಪ್ಪಲಿಯನ್ನೂ ಬಿಚ್ಚಿ ಕೊಡುತ್ತಿದ್ದಳು.

ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ತೆಲುಗು, ಹುಡುಗಿಗೆ ಎಲ್ಲ ಕಲಸಿಹೋಗಿದೆ ಎಂದರು ಕೆಲವರು. ದೃಷ್ಟಿ ಎಂದರು ಕೆಲವರು. ಆಯಿ ದೃಷ್ಟಿ ತೆಗೆದಳು, ಹನುಮಪ್ಪನಿಗೆ ಎಣ್ಣೆಯ ಹರಕೆ ಹೊತ್ತಳು, ದರ್ಗಾಕ್ಕೆ ಹೋಗಿ ದಾರ ಕಟ್ಟಿಸಿಕೊಂಡು ಬಂದಳು. ಏನೂ ಆಗದಿದ್ದಾಗ ಹೊಡೆದಳು. “ಬೇಕಂತ ಮಾಡ್ತಾಳ್ರಿ ಇಕಿ, ಮೈಗಳ್ಳಿ” ಎಂದು ನನ್ನೆದುರು ಹೇಳಿ ಹೇಳಿ ಹೊಡೆಯುತ್ತಿದ್ದಳು. ಹೊಡೆಸಿಕೊಂಡ ನಿಂಗಿ ಅತ್ತು, ಕಣ್ಣೊರೆಸಿಕೊಂಡು, ಮತ್ತೆ ಅದೇ ಆಯಿಯ ಸೆರಗಿನೊಳಗೆ ಹೋಗಿ ಕೂಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಬಲೂನಿನವನ ಹಿಂದೆ ಹೋಗಿಬಿಟ್ಟಳು. ವಠಾರವೆಲ್ಲ ಹುಡುಕಿತು. ಸಂಜೆಗೆ ಅಬಿಡ್ಸಿನ ಪೋಸ್ಟಾಫೀಸಿನ ಮೆಟ್ಟಿಲ ಮೇಲೆ, ಬರಿಗಾಲಿನಲ್ಲಿ, ಯಾರೋ ಕೊಟ್ಟ ಬಾಳೆಹಣ್ಣು ತಿನ್ನುತ್ತ ಕುಳಿತಿದ್ದಳು. ಹೆದರಿಯೇ ಇರಲಿಲ್ಲ. ಆ ವಾರವೇ ಶಾಲೆಯವರೂ ಹೇಳಿಕಳಿಸಿದರು. ಹುಡುಗಿ ಸುಳ್ಳು ಹೇಳುತ್ತಾಳೆ, ಬೇರೆಯವರ ಸಾಮಾನು ತೆಗೆಯುತ್ತಾಳೆ, ಕರೆದುಕೊಂಡು ಹೋಗಿ ಎಂದು. ನಿಂಗಿಯ ಅಪ್ಪ ತೀರ್ಮಾನ ಮಾಡಿದ. ಹಬ್ಬ ಕಳೆದ ಮೇಲೆ ನಿಂಗಿಯನ್ನು ಹಳ್ಳಿಗೆ, ಸೊಸೆಯ ಅಣ್ಣನ ಮನೆಗೆ ಕಳಿಸುವುದು. ಆಡು ಕಾಯ್ದುಕೊಂಡು ಇರಲಿ.

ಸೊಸೆ ಅವತ್ತು ನನ್ನ ಬಾಗಿಲಲ್ಲಿ ಬಂದು ನಿಂತಳು. ಮಾತಿಗೆ ನನಗಿಂತ ಹಿಂದೆ ಅವಳು. “ಯಾರು ಕರದ್ರೂ ಹೊಕ್ಕಾಳ್ರಿ, ಅಕ್ಕಾರ. ಅಡವ್ಯಾಗ ಒಬ್ಬಾಕಿನ...” ಎಂದು ಅಷ್ಟಕ್ಕೇ ನಿಲ್ಲಿಸಿದಳು. ನನಗೆ ತಿಳಿಯಿತು. ಹೆಣ್ಣು ಮಗು, ಯಾರ ಹಿಂದೆ ಬೇಕಾದರೂ ನಗುತ್ತ ಹೋಗುವ ಮಗು, ಬಯಲಿನಲ್ಲಿ ಆಡುಗಳೊಂದಿಗೆ ಒಂಟಿ.

ಸೊಸೆ ಆಗ ಮತ್ತೆ ಬಸುರಿ. ಆಯಿ ಪ್ರತಿ ಸಂಜೆ ಕಲ್ಲು ಕಾಂಪೌಂಡಿಗೆ, ಅಂದರೆ ಸಿಂದಿ ಮಾರುವ ಜಾಗಕ್ಕೆ, ಡಬ್ಬಿ ಹಿಡಿದು ಹೋಗಿಬರುತ್ತಿದ್ದಳು. ಬಸುರಿಗೆ ಸಿಂದಿ ಕೊಟ್ಟರೆ ಮೈಯ ಉಷ್ಣ ಇಳಿಯುತ್ತದೆ, ಕೂಸು ತಂಪಾಗಿ ಬೆಳೆಯುತ್ತದೆ ಎಂದು ಆಯಿಗೆ ಆಕೆಯ ಅತ್ತೆ ಹೇಳಿದ್ದಳಂತೆ. ಮಗ ಬಟವಾಡೆಯ ದಿನ ಸಾರಾಯಿ ಕುಡಿದು ಬಂದರೆ ಇದೇ ಆಯಿ ಪೊರಕೆ ಹಿಡಿಯುತ್ತಿದ್ದಳು. ಸಾರಾಯಿ ಕುಡಿತ, ಸಿಂದಿ ಔಷಧ. ನಮ್ಮೂರಲ್ಲೂ ಹೀಗೇ ತಿಳಿದಿದ್ದರು, ನನಗೂ ಬೇರೆ ಗೊತ್ತಿರಲಿಲ್ಲ.

ಸರಕಾರಿ ಹೆರಿಗೆ ಆಸ್ಪತ್ರೆಗೆ ತೋರಿಸಲು ಹೋಗುವಾಗ ಆಯಿ ನನ್ನನ್ನೂ ಕರೆದಳು. ಆಯಿಗೆ ಹಿಂದಿ ಬಾರದು, ಸೊಸೆಗೆ ಬಂದರೂ ಬಾಯಿ ಬಾರದು. ನನ್ನದೂ ತೊದಲು ಹಿಂದಿಯೇ. ಜೊತೆಯಲ್ಲಿ ನಿಂಗಿ. ಡಾಕ್ಟರಮ್ಮ ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಕೇಳುತ್ತ, ಕುಡಿಯುವ ಅಭ್ಯಾಸವಿದೆಯೇ ಎಂದೂ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಸೊಸೆ ತಲೆ ತಗ್ಗಿಸಿದಳು. ಹಿರಿಯಳಾದ ಆಯಿ ಮುಂದೆ ಬಂದಳು.

“ನಮ್ ಮನ್ಯಾಗ ಹೆಣ್ಮಕ್ಕಳು ಸಾರಾಯಿ ಮುಟ್ಟಾಂಗಿಲ್ರಿ. ಸಂಜಿಗಿ ತಂಪಿಗಿ ಅಂತ ಸಿಂದಿ ಕೊಡ್ತೀನಿ, ಅಷ್ಟ. ಇಕಿ ಹೊಟ್ಟಿಯಾಗಿದ್ದಾಗೂ ಒಂದಿನಾ ತಪ್ಪಿಸಿಲ್ಲ ನೋಡ್ರಿ” ಎಂದು ನಿಂಗಿಯ ತಲೆ ಸವರಿದಳು. ಹೆಮ್ಮೆಯಿಂದಲೇ ಹೇಳಿದಳು.

ನಾನು ಹಿಂದಿಗೆ ತಂದೆ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನಿಂಗಿಯ ಮುಖ ನೋಡಿದರು. ನಿಂಗಿ ಮೇಜಿನ ಡ್ರಾಯರ್ ಎಳೆಯುತ್ತಿದ್ದಳು. ಅವರು ಗದರಲಿಲ್ಲ. ಇವತ್ತಿನಿಂದಲೇ ಸಿಂದಿ ಬಂದ್ ಎಂದು ಸೊಸೆಗೆ ಹೇಳಿದರು. ನಿಂಗಿಯನ್ನು ಮಕ್ಕಳ ಆಸ್ಪತ್ರೆಗೆ ತೋರಿಸಿ ಎಂದು ಚೀಟಿ ಕೊಟ್ಟರು.

ಮಕ್ಕಳ ಡಾಕ್ಟರಮ್ಮನ ಹತ್ತಿರ ಮತ್ತೆ ಮತ್ತೆ ಹೋಗಬೇಕಾಯಿತು. ತಲೆ ಅಳೆದರು, ಆಟದ ಸಾಮಾನು ಕೊಟ್ಟು ನೋಡಿದರು, ರಕ್ತ ತೆಗೆಸಿದರು. ಕೊನೆಗೆ ಕೂಡಿಸಿ ಹೇಳಿದರು. ಅದಕ್ಕೆ ಫೀಟಲ್ ಆಲ್ಕೊಹಾಲ್ ಎಂದು ಶುರುವಾಗುವ ಒಂದು ಉದ್ದ ಹೆಸರು. ಬಸುರಿಯ ಹೊಟ್ಟೆಗೆ ಹೋದ ಹೆಂಡ ಕೂಸಿಗೂ ಹೋಗುತ್ತದೆ. ಸಾರಾಯಿಯಾದರೇನು, ಸಿಂದಿಯಾದರೇನು, ಬೆಳೆಯುತ್ತಿರುವ ಮಿದುಳಿಗೆ ಅದು ಪೆಟ್ಟು. ಈ ಹುಡುಗಿ ಬೇಕೆಂದು ಮರೆಯುವುದಿಲ್ಲ. ಬೇಕೆಂದು ಸುಳ್ಳು ಹೇಳುವುದಿಲ್ಲ, ನೆನಪು ಕಡಿದಲ್ಲಿ ಏನೋ ತುಂಬಿ ಹೇಳುತ್ತಾಳೆ. ಇದು ಮಾಡಿದರೆ ಮುಂದೆ ಇದು ಆದೀತು ಎಂಬುದು ಅವಳಿಗೆ ಹೊಳೆಯುವುದಿಲ್ಲ. ಇಷ್ಟನ್ನು ನಾನು ತುಂಡು ತುಂಡಾಗಿ ಕನ್ನಡಕ್ಕೆ ತಂದೆ.

“ಇದಕ್ಕ ದವಾ ಕೊಡ್ತಾರೇನು ಕೇಳ್ರಿ” ಎಂದಳು ಆಯಿ.

ವಾಸಿ ಮಾಡುವ ಔಷಧವಿಲ್ಲ ಎಂದರು. ಹೊಡೆದರೆ ಬರುವುದಿಲ್ಲ, ಕೂಗಿದರೆ ಇನ್ನೂ ಕೆಡುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ತೋರಿಸಿ, ದಿನಾ ಒಂದೇ ಥರ ನಡೆಯಲಿ, ಗದ್ದಲದಿಂದ ದೂರ ಇಡಿ, ಒಬ್ಬಳನ್ನೇ ಬಿಡಬೇಡಿ. ನಿನ್ನೆ ಕಲಿಸಿದ್ದನ್ನು ಇವತ್ತು ಬೇಸರವಿಲ್ಲದೆ ಮತ್ತೆ ಕಲಿಸಿ. ಇದು ಒಂದು ವರ್ಷದ ಮಾತಲ್ಲ, ಅವಳು ಇರುವತನಕದ್ದು. ತಿಳಿಯದೆ ಆದದ್ದು, ಯಾರನ್ನೂ ದೂರುತ್ತ ಕೂಡಬೇಡಿ ಎಂದೂ ಹೇಳಿದರು. ಹೊರಗೆ ಸಾಲು ದೊಡ್ಡದಿತ್ತು. ಅವರೂ ದಣಿದಿದ್ದರು.

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಆಯಿ ಕೂಡಲಿಲ್ಲ. ಕಂಬಿ ಹಿಡಿದು ನಿಂತೇ ಬಂದಳು.

ಟೇಲರನ ಹೆಂಡತಿಗೆ ಸುದ್ದಿ ಹೇಗೆ ಮುಟ್ಟಿತೋ. ಸಂಜೆ ಲಾರಿ ಇಳಿದು ಬಂದ ಮಗನಿಗೆ ಅಂಗಳದಲ್ಲೇ ಹೇಳಿಬಿಟ್ಟಳು. “ತಾಯಿ ಕುಡ್ದದ್ದಕ್ಕ ಮಗೂಗೆ ಹಿಂಗಾಗ್ಯಾದಂತ, ದವಾಖಾನ್ಯಾಗ ಹೇಳ್ಯಾರ.” ಅವನು ಊಟದ ಡಬ್ಬಿ ನೆಲಕ್ಕೆ ಬಡಿದ. ಸಿಂದಿಯ ಯೋಚನೆಯೇ ಅವನಿಗೆ ಬರಲಿಲ್ಲ, ಸೈಟಿನಲ್ಲಿ ಯಾರ ಜೊತೆ ಕುಡಿದೆ ಎಂದು ಹೆಂಡತಿಯ ಜಡೆಗೆ ಕೈ ಹಾಕಿದ. ಹಬ್ಬದವರೆಗೂ ಬೇಡ, ತಾಯಿ ಮಗಳು ಇಬ್ಬರೂ ನಾಳೆಯೇ ಹಳ್ಳಿಯ ದಾರಿ ಹಿಡಿಯಲಿ ಎಂದ. ಸೊಸೆ ಬಾಯಿ ಬಿಡಲಿಲ್ಲ. ಅತ್ತೆಯತ್ತ ನೋಡಲೂ ಇಲ್ಲ.

ಆಯಿ ತಗಡಿನ ಬಾಗಿಲಿನಿಂದ ಹೊರಗೆ ಬಂದಳು. ಸೆರಗು ತಲೆಯ ಮೇಲೆ ಇರಲಿಲ್ಲ, ಯಾವತ್ತೂ ಹಾಗೆ ಹೊರಗೆ ಬಂದವಳಲ್ಲ.

“ಆಕಿನ್ ಬಿಡಲೇ. ನಾ ಕುಡಿಸೀನಿ. ವಾಸ್ನಿ ಬರ್ತೈತಿ, ಒಲ್ಲೆ ಒಲ್ಲೆ ಅಂದ್ರೂ ಗದ್ದ ಹಿಡದು ಕುಡಿಸೀನಿ. ಕಳಸೂದಿದ್ರ ನನ್ನ ಕಳಸು. ಆಡು ಕಾಯಾಕ ನಾ ಹೋಗ್ತೀನಿ. ಇವ್ರಿಬ್ರೂ ಇಲ್ಲೇ ಇರ್ತಾರ.”

ಮಗ ಬಾವಿಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಟೇಲರನ ಹೆಂಡತಿ ಸದ್ದಿಲ್ಲದೆ ಒಳಗೆ ಹೋದಳು. ನಿಂಗಿ ಮಾತ್ರ ಉರುಳಿಬಿದ್ದ ಊಟದ ಡಬ್ಬಿಯ ಮುಚ್ಚಳವನ್ನು ಹುಡುಕಿ ತಂದು ಅಪ್ಪನ ಕೈಗೆ ಕೊಟ್ಟಳು. ಯಾರನ್ನೂ ಹಳ್ಳಿಗೆ ಕಳಿಸಲಿಲ್ಲ. ಸಿಂದಿಯ ಡಬ್ಬಿಯಲ್ಲಿ ಆಮೇಲೆ ಸೀಮೆಎಣ್ಣೆ ತರತೊಡಗಿದರು.

ಹೀಗೆ ಉಳಿಸಿಕೊಂಡ ಮೇಲೆ ನೋಡಿ, ನಿಜವಾದ ಕೆಲಸ ಶುರುವಾದದ್ದು. ಒಂದು ಸಂಜೆ ಜಗಳದಲ್ಲಿ ಗೆಲ್ಲುವುದು ಸುಲಭ. ದಿನಾ ಬೆಳಗಾಗುವುದು ಕಷ್ಟ.

ಡಾಕ್ಟರಮ್ಮ ಕಣ್ಣಿಗೆ ತೋರಿಸಿ ಎಂದಿದ್ದರಲ್ಲ, ಆಯಿ ಬಾವಿಯ ಕಟ್ಟೆಯ ಮೇಲೆ ನಿಂಗಿಯ ಬೆಳಗನ್ನು ಸಾಲಾಗಿ ಇಡತೊಡಗಿದಳು. ಹಲ್ಲಿನ ಪುಡಿ, ಚೊಂಬು, ಲಂಗ, ಬಾಚಣಿಕೆ, ರಿಬ್ಬನ್ನು, ರೊಟ್ಟಿಯ ತಾಟು, ಪಾಟಿಚೀಲ. ನಿಂಗಿ ಒಂದೊಂದನ್ನೇ ಎತ್ತಿಕೊಂಡು ಅದರ ಕೆಲಸ ಮುಗಿಸಿ ಮುಂದಿನದಕ್ಕೆ ಹೋಗಬೇಕು. ಗಡಿಯಾರ ಅವಳಿಗೆ ತಿಳಿಯುತ್ತಿರಲಿಲ್ಲ. ನಳಕ್ಕೆ ನೀರು ಬಂದರೆ ಏಳುವುದು, ಮಸೀದಿಯಲ್ಲಿ ಸಂಜೆಯ ಆಜಾನ್ ಕೂಗಿದರೆ ಕೈಕಾಲು ತೊಳೆಯುವುದು. ನಡುವೆ ಯಾರಾದರೂ ಬಾಚಣಿಕೆ ಎತ್ತಿಕೊಂಡು ಹೋದರೆ ಹುಡುಗಿ ಅಲ್ಲೇ ಗರಬಡಿದು ನಿಲ್ಲುತ್ತಿದ್ದಳು. ಆಗ ಆಯಿಯ ಬಾಯಿ ಗಲ್ಲಿಯ ಕೊನೆಯವರೆಗೂ ಕೇಳುತ್ತಿತ್ತು.

“ಏನ್ ಆಯಿ, ಮುಂಜಾನಿ ಮುಂಜಾನಿ ದುಕಾನ ಹಚ್ಚೀದಿ?” ಎಂದು ಟೇಲರನ ಹೆಂಡತಿ ಕೆಣಕಿದಳು ಒಮ್ಮೆ.

“ಹೂಂನವ್ವಾ, ಬುದ್ಧಿ ಮಾರಾಕ ಕುಂತೀನಿ. ನಿನಗ ಒಂದು ಪಾವಷ್ಟು ಅಳದು ಕೊಡ್ಲ್ಯಾ?”

ಆಕೆ ಮತ್ತೆ ಆ ಸಾಲಿನ ತಂಟೆಗೆ ಬರಲಿಲ್ಲ. ಸ್ವಲ್ಪ ದಿನಕ್ಕೆ ತಾನೇ ಒಂದು ಕೆಂಪು ರಿಬ್ಬನ್ ಹೊಲಿದು ತಂದು ಆ ಸಾಲಿನಲ್ಲಿಟ್ಟಳು.

ಆಯಿ ದೇವತೆಯೇನೂ ಆಗಲಿಲ್ಲ. ಎಷ್ಟೋ ದಿನ ಸಾಲು ಇಟ್ಟರೂ ನಿಂಗಿ ಎಲ್ಲ ಚೆಲ್ಲಾಪಿಲ್ಲಿ ಮಾಡಿ ಕಿರುಚುತ್ತಿದ್ದಳು. ಒಂದೊಂದು ಸಲ ಆಯಿಯ ಕೈ ಮೇಲೆದ್ದೂ ಬಿಡುತ್ತಿತ್ತು. ಆಮೇಲೆ ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ತಾಸುಗಟ್ಟಲೆ ಸುಮ್ಮನೆ ಕೂಡುತ್ತಿದ್ದಳು.

ನಿಂಗಿಯನ್ನು ಮತ್ತೆ ಸೇರಿಸಿಕೊಳ್ಳಿರಿ ಎಂದು ಕೇಳಲು ಆಯಿಯ ಜೊತೆ ನಾನೂ ಶಾಲೆಗೆ ಹೋದೆ. ಮೊದಲ ಸಲ ಟೀಚರು ನಮ್ಮ ಮಾತು ಕೇಳಿ, ಇಷ್ಟು ಮಕ್ಕಳ ನಡುವೆ ಒಬ್ಬಳಿಗಾಗಿ ನಾನೇನು ಮಾಡಲಿ ಎಂದು ಸುಸ್ತಾದ ದನಿಯಲ್ಲಿ ಕೇಳಿದರು. ತಪ್ಪಲ್ಲ ಅವರದು. ಕಿಟಕಿಯಿಂದ ದೂರ, ನಿಮ್ಮ ಹತ್ತಿರ ಕೂಡಿಸಿರಿ, ಒಂದು ಸಲಕ್ಕೆ ಒಂದೇ ಹೇಳಿರಿ, ಹೊಡೆಯಬೇಡಿರಿ ಎಂದು ನಾನು ನೆಲ ನೋಡುತ್ತ ಹೇಳಿದೆ. ಕೂಡಿಸಿದರು. ಆ ವರ್ಷ ನಿಂಗಿ ಹೆಸರು ಬರೆಯಲು ಕಲಿತಳು. ಮುಂದಿನ ಜೂನಿಗೆ ಆ ಟೀಚರಿಗೆ ವರ್ಗವಾಯಿತು. ಹೊಸ ಟೀಚರಿಗೆ ಮತ್ತೆ ಮೊದಲಿನಿಂದ. ಹೀಗೆ ಪ್ರತಿ ಜೂನಿಗೆ, ಅದೇ ಜಗಲಿಯಲ್ಲಿ ನಿಂತು, ಅದೇ ಮಾತು. ಕೆಲವರು ಕೇಳಿದರು. ಕೆಲವರು ಮುದುಕಿ ಕೂಸನ್ನು ಕೆಡಿಸಿದ್ದಾಳೆ ಎಂದು ನಕ್ಕರು. “ಭಾಳ ದಣದೀನ್ರಿ ಅಕ್ಕಾರ” ಎನ್ನುತ್ತಿದ್ದಳು ಆಯಿ ದಾರಿಯಲ್ಲಿ. ಮರುದಿನ ನಳ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಸಾಲು ಇದ್ದೇ ಇರುತ್ತಿತ್ತು.

ಸೊಸೆಗೆ ಎರಡನೆಯದು ಗಂಡು ಹುಟ್ಟಿತು. ಆರೋಗ್ಯವಾಗಿದ್ದ. ಅವನು ಮಾತು ಕಲಿತು ಎಣಿಕೆ ಹೇಳುವ ವಯಸ್ಸಿಗೆ, ಒಂದು ದಿನ ಆಯಿ ಅವನಿಗೆ ಬಾವಿಕಟ್ಟೆಯ ಮೇಲೆ ಹುಣಸೆ ಬೀಜ ಇಟ್ಟು ಐದರವರೆಗೆ ತೋರಿಸಿದಳು. ಹುಡುಗ ತಿರುಗಿ ಹೇಳಿಬಿಟ್ಟ. ಮರುದಿನವೂ ಹೇಳಿದ. ನಾನು ಅಲ್ಲೇ ಅಕ್ಕಿ ಆರಿಸುತ್ತಿದ್ದೆ. ಆಯಿ ನಗುತ್ತಾಳೆ ಅಂದುಕೊಂಡೆ.

“ಒಮ್ಮಿ ಹೇಳಿದ್ರ ಸಾಕು ನೋಡ್ರಿ ಇವಂಗ...” ಎಂದಳು. ಎದ್ದು ಹೋಗಿ ನಿಂಗಿಯ ತಲೆ ಬಾಚತೊಡಗಿದಳು. ಆಗಲೇ ಬಾಚಿದ್ದ ತಲೆ. ಮತ್ತೆ ಬಿಚ್ಚಿ, ಮತ್ತೆ ಬಾಚಿದಳು. ಡಾಕ್ಟರಮ್ಮ ಯಾರನ್ನೂ ದೂರಬೇಡಿ ಎಂದಿದ್ದನ್ನು ನಾನು ಕನ್ನಡದಲ್ಲಿ ಸರಿಯಾಗಿಯೇ ಹೇಳಿದ್ದೆ. ಆಕೆಗೆ ಅದು ಮುಟ್ಟಿರಲಿಲ್ಲ, ಯಾವತ್ತೂ ಮುಟ್ಟಲಿಲ್ಲ ಅಂತ ಕಾಣುತ್ತದೆ.

ಆಮೇಲೆ ನಮ್ಮ ಗಲ್ಲಿಗೂ ಬಿಲ್ಡರುಗಳು ಬಂದರು. ವಠಾರ ಮಾರಾಟವಾಯಿತು. ನಾವು ಈ ಕಡೆ ಬಂದೆವು, ಟೇಲರನ ಸಂಸಾರ ಬೀದರಿಗೆ ಹೋಯಿತು, ಆಯಿಯ ಮನೆಯವರು ಊರಾಚೆ ಹೊಸ ಸೈಟುಗಳ ಹತ್ತಿರದ ಗುಡಿಸಲುಗಳಿಗೆ. ಟ್ರಾಲಿಯಲ್ಲಿ ಸಾಮಾನು ಏರಿಸುತ್ತಿದ್ದರೆ ನಿಂಗಿ ಗಾಬರಿಯಾಗಿ ಕಿವಿ ಮುಚ್ಚಿಕೊಂಡಿದ್ದಳು. ಆಯಿ ಅವಳನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು. “ಬರೂ ಜೂನಿಗಿ ನನ್ ಜೋಡಿ ಯಾರ್ ಬರ್ತಾರ್ರೀ ಅಕ್ಕಾರ?” ಎಂದಳು. ಟ್ರಾಲಿಯವನು ಹಾರ್ನ್ ಬಾರಿಸಿದ...

ಅಷ್ಟರಲ್ಲಿ ನಿಮ್ಮ ಅಜ್ಜನ ಕಾಯಿಲೆ ಶುರುವಾಯಿತು, ಆಮೇಲೆ ಅವರು ಹೋದರು. ನಾನೂ ಹೊರಗೆ ಹೋಗುವುದು ಕಡಿಮೆಯಾಯಿತು.

ಹೋದ ವರ್ಷ ತರಕಾರಿ ಮಾರುಕಟ್ಟೆಯಲ್ಲಿ ಯಾರೋ “ಅಕ್ಕಾರ” ಎಂದು ಕೈ ಹಿಡಿದರು. ಸೊಸೆ. ಕೂದಲು ಬೆಳ್ಳಗಾಗಿತ್ತು. ಕಂಪನಿ ಹುಡುಗರ ಹಾಸ್ಟೆಲ್ ಒಂದರ ಅಡುಗೆಮನೆಯಲ್ಲಿ ಕೆಲಸವಂತೆ. ನಿಂಗಿಯೂ ಅಲ್ಲೇ, ಅವ್ವನ ಪಕ್ಕದಲ್ಲೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಾಳಂತೆ, ಒಂದು ಬುಟ್ಟಿ ಮುಗಿದ ಮೇಲೆ ಇನ್ನೊಂದು ಬುಟ್ಟಿ. ಒಬ್ಬಳನ್ನೇ ಎಲ್ಲಿಗೂ ಕಳಿಸಿಲ್ಲ. ಆಯಿ ಹೋಗಿ ಹಲವು ವರ್ಷಗಳಾದವಂತೆ. ನನಗೆ ತಿಳಿಸುವವರು ಯಾರಿದ್ದರು.

“ನಿಂಗಿಗೆ ಆಯಿಯ ನೆನಪೈತೇನು?” ಎಂದು ಕೇಳಿದೆ.

“ಸತ್ತದ್ದು ಹೇಳೇವ್ರಿ, ಮಣ್ಣಿಗೂ ಕರಕೊಂಡು ಹೋಗಿದ್ವಿ. ಆದ್ರೂ ಉಣ್ಣಾಕ ಕುಂತಾಗೆಲ್ಲಾ ‘ಆಯಿದು ಉಂಡಾತೇನು?’ ಅಂತ ಕೇಳ್ತಾಳ. ಮೊದ್ಲು ತಿದ್ದತಿದ್ವಿ. ಈಗ ಹೂಂ, ಆತು, ನೀ ಉಣ್ಣು ಅಂತೀವ್ರಿ.”

ಅವತ್ತು ತರಕಾರಿ ಕೊಳ್ಳದೆ ಮನೆಗೆ ಬಂದೆ. ನೀವು ಯಾಕಜ್ಜಿ ಚೀಲ ಖಾಲಿ ಎಂದು ಕೇಳಿದ್ದಿರಿ, ಮರೆತೆ ಎಂದಿದ್ದೆ.

ಓಂಕಾರ, ಮೊನ್ನೆ ಊಟ ಮಾಡುತ್ತ ನಿನ್ನ ಕ್ಲಾಸಿನ ಹುಡುಗಿಯೊಬ್ಬಳ ಬಗ್ಗೆ, ಎಷ್ಟು ಹೇಳಿದರೂ ಬೇಕಂತಲೇ ಮಾಡುತ್ತಾಳೆ ಎಂದು ನೀನು ನಕ್ಕದ್ದು ನನಗೆ ಕೇಳಿಸಿತು. ಅವಳಿಗೆ ಏನಿದೆಯೋ ನನಗೆ ಗೊತ್ತಿಲ್ಲ, ನಾನು ಡಾಕ್ಟರಲ್ಲ. ನಿನಗೂ ಗೊತ್ತಿಲ್ಲ. ಅವಳ ಮನೆಯಲ್ಲಿ ಯಾರು ಎಷ್ಟು ದಣಿದು ಅವಳನ್ನು ಶಾಲೆಗೆ ಕಳಿಸಿರುತ್ತಾರೋ ಅದೂ ಗೊತ್ತಿಲ್ಲ. ಅಷ್ಟನ್ನು ನಿನಗೆ ಬಾಯಲ್ಲಿ ಹೇಳಲಾರದೆ ಇಷ್ಟುದ್ದ ಬರೆದೆ. ಸಹನಾ, ನೀನು ಮುಂದೆ ದೊಡ್ಡವಳಾಗಿ ಬಸುರಿಯಾದಾಗ ಯಾರು ಎಷ್ಟೇ ಅಕ್ಕರೆಯಿಂದ ತಂಪಿಗೆ ಅಂತ ಇಂಥದ್ದನ್ನು ಕೊಟ್ಟರೂ ಬೇಡ ಅನ್ನು. ಅಕ್ಕರೆಯಿಂದಲೇ ಕೊಟ್ಟಿದ್ದಳು ನಮ್ಮ ಆಯಿಯೂ.

ಆಕೆಯ ಒಂದು ಫೋಟೋ ಯಾರ ಬಳಿಯೂ ಇಲ್ಲ. ವಠಾರವಿದ್ದ ಜಾಗದಲ್ಲಿ ಈಗ ಏನು ಎದ್ದಿದೆಯೋ, ನೋಡಲು ಹೋಗುವ ಮನಸ್ಸೂ ನನಗಿಲ್ಲ. ಆಕೆಯನ್ನು ಕಂಡವರಲ್ಲಿ ಇಷ್ಟನ್ನು ಬರೆದಿಡುವವಳು ನಾನೊಬ್ಬಳೇ ಉಳಿದಿರಬೇಕು, ನನ್ನ ಕಣ್ಣೂ ಮಂದವಾಗುತ್ತಿದೆ. ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ, ಮಕ್ಕಳೇ. ನಿಮ್ಮ ಅಜ್ಜನ ರೇಷ್ಮೆ ಪಂಚೆ ಇಟ್ಟಿರುವ ಟ್ರಂಕಿನಲ್ಲಿ, ಹುಳ ಹಿಡಿಯದ ಹಾಗೆ ಎರಡು ಬೇವಿನೆಲೆ ಹಾಕಿ, ಇಟ್ಟುಕೊಳ್ಳಿ.